ವಸಂತದಲ್ಲಿ ಸ್ಕೀಯಿಂಗ್: ಜಪಾನಿನ ಗಸ್ಸಾನ್ ಪರ್ವತಕ್ಕೆ ಹೊರಡುವ ಮೊದಲು

ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಜಪಾನಿನ ಬಹಳಷ್ಟು ಸ್ಕೀ ಮೈದಾನಗಳು ಬಾಗಿಲು ಹಾಕುವುದೂ ಸರಿಸುಮಾರು ಆಗಲೇ. ಹೀಗಾಗಿ ಬೇಸಿಗೆಯಲ್ಲಿ ಜಪಾನಿಗೆ ಹೋಗುವ ಕುಟುಂಬಗಳು ಟೋಕಿಯೊ, ಕ್ಯೋಟೊ ಸುತ್ತಿ, ಫ್ಯೂಜಿಯನ್ನು ದೂರದಿಂದ ನೋಡಿ ಮರಳುತ್ತವೆ. ಮಕ್ಕಳು ಹಿಮದಲ್ಲಿ ಜಾರಬೇಕೆಂದು ಹಟ ಹಿಡಿದರೆ ‘ಡಿಸೆಂಬರ್‌ನಲ್ಲಿ ನೋಡೋಣ’ ಎಂದು ಹಿರಿಯರು ಮಾತು ಮುಗಿಸುತ್ತಾರೆ. ಆದರೆ ಬೇರೆ ಮೈದಾನಗಳು ಮುಚ್ಚುವ ಹೊತ್ತಿಗೆ ತೆರೆಯುವ ಒಂದು ಪರ್ವತ ಅಲ್ಲಿದೆ. ಅದರ ಹೆಸರು ಗಸ್ಸಾನ್, ಅಂದರೆ ಚಂದ್ರಪರ್ವತ. ಟೋಕಿಯೊದಿಂದ ಉತ್ತರಕ್ಕೆ, ಯಾಮಗಾತಾ ಪ್ರಾಂತದಲ್ಲಿದೆ. ಇಲ್ಲಿನ ಸ್ಕೀ ಕಾಲ ಸಾಮಾನ್ಯವಾಗಿ ಏಪ್ರಿಲ್ 10ರ ಆಸುಪಾಸಿಗೆ ಆರಂಭವಾಗಿ ಜುಲೈವರೆಗೂ ನಡೆಯುತ್ತದೆ.

ಗಸ್ಸಾನ್‌ನ ಎತ್ತರ 1,984 ಮೀಟರ್. ನಮ್ಮ ಮುಳ್ಳಯ್ಯನಗಿರಿಯೂ 1,900 ಮೀಟರ್ ದಾಟುತ್ತದೆ. ಹೆಚ್ಚುಕಡಿಮೆ ಅಷ್ಟೇ ಎತ್ತರದ ಬೆಟ್ಟದಲ್ಲಿ ಜುಲೈವರೆಗೆ ಹಿಮ ಉಳಿಯುವುದು ಹೇಗೆ? ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಡುವ ಒಣ ಶೀತಗಾಳಿ ಜಪಾನ್ ಸಮುದ್ರವನ್ನು ದಾಟುತ್ತದೆ. ಆ ಸಮುದ್ರದಲ್ಲಿ ದಕ್ಷಿಣದಿಂದ ಬರುವ ಬೆಚ್ಚನೆಯ ಪ್ರವಾಹವಿದೆ. ಗಾಳಿ ಅಲ್ಲಿ ತೇವ ಹೀರಿಕೊಂಡು ಬಂದು ಮೊದಲ ಬೆಟ್ಟಸಾಲಿಗೆ ಬಡಿದಾಗ ಎಲ್ಲವನ್ನೂ ಹಿಮವಾಗಿ ಸುರಿಸುತ್ತದೆ. ಅರಬ್ಬೀ ಸಮುದ್ರದ ಮೋಡಗಳು ಪಶ್ಚಿಮಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಮಳೆ ಸುರಿಸುವ ರೀತಿಯೇ ಇದು. ಅಲ್ಲಿ ನೀರು, ಇಲ್ಲಿ ಹಿಮ. ಗಸ್ಸಾನ್‌ನ ಬುಡದ ಹಳ್ಳಿಗಳಲ್ಲೇ ಚಳಿಗಾಲದಲ್ಲಿ ಐದಾರು ಮೀಟರ್ ಹಿಮ ಕೂಡುತ್ತದೆ. ರಸ್ತೆ ಮುಚ್ಚಿಹೋಗುತ್ತದೆ, ಲಿಫ್ಟ್ ಹೂತುಹೋಗುತ್ತದೆ. ಹಿಮ ಅತಿಯಾದದ್ದರಿಂದಲೇ ಚಳಿಗಾಲದಲ್ಲಿ ಇಲ್ಲಿ ಸ್ಕೀಯಿಂಗ್ ಇಲ್ಲ! ವಸಂತ ಬಂದು ರಸ್ತೆ ತೆರವಾದ ಮೇಲೆ ಮಾತ್ರ ಆಟ ಶುರು.

ಮೊದಲು ಯಾರು ಹೋಗುತ್ತಾರೆ ಎಂಬ ಲೆಕ್ಕ

ವಿಮಾನದ ಟಿಕೆಟ್ ನೋಡುವುದಕ್ಕೂ ಮುಂಚೆ ಮನೆಯಲ್ಲಿ ಕುಳಿತು ಮಾಡಬೇಕಾದ ಲೆಕ್ಕ ಒಂದಿದೆ. ಹೊರಟವರಲ್ಲಿ ಸ್ಕೀ ಮಾಡಲು ಬರುವವರು ಎಷ್ಟು ಜನ, ಬಾರದವರು ಎಷ್ಟು ಜನ? ಆರು ಜನರ ಕುಟುಂಬ ಎಂದಿಟ್ಟುಕೊಳ್ಳಿ: ಅಜ್ಜ, ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಒಬ್ಬರೂ ಹಿಂದೆ ಸ್ಕೀ ಕಟ್ಟಿಕೊಂಡವರಲ್ಲ. ಇಂಥ ಕುಟುಂಬ ನೇರವಾಗಿ ಗಸ್ಸಾನ್‌ಗೆ ಹೋಗಿ ಸ್ಕೀ ಕಲಿಯುತ್ತೇವೆ ಎಂದರೆ ಹಣವೂ ಹೋಗುತ್ತದೆ, ಮೊಣಕಾಲೂ ಹೋಗುತ್ತದೆ. ಗಸ್ಸಾನ್ ಕಲಿಯುವವರ ಬೆಟ್ಟವಲ್ಲ. ಒಂದೇ ಒಂದು ಜೋಡಿಕುರ್ಚಿಯ ಲಿಫ್ಟ್ ಸುಮಾರು 1,500 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ವಾಹನ ನಿಲ್ಲಿಸುವಲ್ಲಿಂದ ಲಿಫ್ಟಿನ ಬುಡಕ್ಕೂ ಸಾಮಾನು ಹೊತ್ತು ಹಿಮದಲ್ಲಿ ಹತ್ತಿ ನಡೆಯಬೇಕು. ಮೇಲೆ ಬೇಲಿ ಹಾಕಿ, ಯಂತ್ರದಿಂದ ಸಪಾಟು ಮಾಡಿದ ದಾರಿಗಳು ಕಡಿಮೆ, ವಿಶಾಲವಾದ ಬಯಲು ಇಳಿಜಾರುಗಳೇ ಹೆಚ್ಚು. ಮೇ, ಜೂನ್‌ನಲ್ಲಿ ಜನ ಜಾರಿ ಜಾರಿ ಇಳಿಜಾರಿನ ತುಂಬ ಗುಡ್ಡೆಗುಡ್ಡೆಯಾದ ಉಬ್ಬುಗಳೇಳುತ್ತವೆ. ಅದರ ಮೇಲೆ ಆಡಲೆಂದೇ ನುರಿತವರು ದೂರದಿಂದ ಬರುತ್ತಾರೆ. ಹೊಸಬರಿಗೆ ಅದು ಶಿಕ್ಷೆ.

ಹಾಗಾದರೆ ಹೊಸಬರಿಗೆ ಏನು ದಾರಿ? ಎರಡು ಇವೆ. ಅದೇ ಯಾಮಗಾತಾ ಪ್ರಾಂತದಲ್ಲಿ ಜಾವೊ ಎಂಬ ದೊಡ್ಡ ಸ್ಕೀ ಊರಿದೆ, ಯಾಮಗಾತಾ ರೈಲು ನಿಲ್ದಾಣದಿಂದ ಬಸ್ಸಿನಲ್ಲಿ ಸುಮಾರು 40 ನಿಮಿಷ. ಅಲ್ಲಿ ಕಲಿಯುವವರಿಗೆ ಬೇಕಾದ ಮೆದು ಇಳಿಜಾರು, ಬಾಡಿಗೆ ಅಂಗಡಿ, ಕಲಿಸುವ ಶಾಲೆ ಎಲ್ಲವೂ ಇವೆ. ಹಿಮ ಚೆನ್ನಾಗಿದ್ದ ವರ್ಷ ಮೇ ಮೊದಲ ವಾರದವರೆಗೂ ಕೆಲವು ಲಿಫ್ಟ್‌ಗಳು ನಡೆಯುತ್ತವೆಯಾದರೂ, ಕಲಿಯುವವರು ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರಕ್ಕೆ ಹೋಗುವುದೇ ಒಳ್ಳೆಯದು. ಇಂಗ್ಲಿಷ್‌ನಲ್ಲಿ ಕಲಿಸುವವರು ಬೇಕಿದ್ದರೆ ಮೊದಲೇ ಬರೆದು ಕೇಳಿಕೊಳ್ಳಬೇಕು.

ಇನ್ನೊಂದು ದಾರಿ ಹೆಚ್ಚು ಅಗ್ಗದ್ದು: ಮೊದಲ ಪಾಠ ಭಾರತದಲ್ಲೇ ಕಲಿಯುವುದು. ಗುಲ್‌ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಉತ್ತರಾಖಂಡದಲ್ಲಿ ಔಲಿ ಇದೆ. ಜನವರಿ ಅಥವಾ ಫೆಬ್ರವರಿಯಲ್ಲಿ ಒಂದು ವಾರ ಅಲ್ಲಿ ಬಿದ್ದು ಎದ್ದು ಕಲಿತ ಹುಡುಗ ಹುಡುಗಿಯರು, ತಿರುಗುವುದನ್ನೂ ನಿಲ್ಲುವುದನ್ನೂ ಅಭ್ಯಾಸ ಮಾಡಿಕೊಂಡವರು, ಮೇ ತಿಂಗಳಲ್ಲಿ ಗಸ್ಸಾನ್‌ಗೆ ಹೋದರೆ ಕೊಟ್ಟ ಹಣಕ್ಕೆ ಬೆಲೆ ಬರುತ್ತದೆ. ಬೀಳುವುದನ್ನು ಕಲಿಯಲು ಯೆನ್ ಖರ್ಚು ಮಾಡಬೇಕಾಗಿಲ್ಲ.

ಅಜ್ಜ, ಅಜ್ಜಿ ಏನು ಮಾಡಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. ಬೆಟ್ಟದ ಬುಡದಲ್ಲಿ ಶಿಜು ಎಂಬ ಬಿಸಿನೀರಿನ ಬುಗ್ಗೆಯ ಚಿಕ್ಕ ಊರು. ಅದರ ಹತ್ತಿರ ಬೀಚ್ ಮರಗಳ ಹಳೆಯ ಕಾಡು. ಮೇ ತಿಂಗಳಲ್ಲಿ ಕೆಳಗೆ ಇನ್ನೂ ಹಿಮ ಇರುವಾಗಲೇ ಮೇಲೆ ಎಳೆ ಹಸಿರು ಚಿಗುರು ಬಂದಿರುತ್ತದೆ. ಅಲ್ಲಿನ ಪ್ರಕೃತಿ ಉದ್ಯಾನದವರು ಮಾರ್ಗದರ್ಶಿಯ ಜೊತೆ ಕಾಡಿನೊಳಗೆ ನಡೆಸುತ್ತಾರೆ. ನಡೆಯಬಲ್ಲ ಹಿರಿಯರಿಗೆ ಇಷ್ಟು ಸಾಕು.

ಯಾವ ವಾರ ಹೋಗಬೇಕು

ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನಲ್ಲಿ ನಾಲ್ಕು ಸರ್ಕಾರಿ ರಜೆಗಳು ಬರುತ್ತವೆ. ಇದಕ್ಕೆ ಅವರು ‘ಗೋಲ್ಡನ್ ವೀಕ್’ ಎನ್ನುತ್ತಾರೆ. ಇಡೀ ದೇಶವೇ ಪ್ರಯಾಣದಲ್ಲಿರುತ್ತದೆ. ರೈಲಿನಲ್ಲಿ ಸೀಟು ಇರುವುದಿಲ್ಲ, ವಸತಿಗೃಹದಲ್ಲಿ ದರ ಏರುತ್ತದೆ, ಅಡುಗೆಮನೆಯವರಿಗೆ ಬೇರೆ ಊಟದ ಮಾತು ಕೇಳಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಈ ವಾರವನ್ನು ಬಿಟ್ಟುಬಿಡುವುದೇ ಜಾಣತನ. ಮೇ 8ರಿಂದ 20ರ ನಡುವೆ ಗಸ್ಸಾನ್‌ನಲ್ಲಿ ಹಿಮ ಇನ್ನೂ ಬೇಕಾದಷ್ಟಿರುತ್ತದೆ, ಜನ ಕಡಿಮೆ, ಹಗಲು ದೊಡ್ಡದು. ನಮ್ಮಲ್ಲಿ ಆಗ ಶಾಲೆಗೆ ರಜೆಯೂ ಇರುತ್ತದೆ, ಮಹಾವೀರ ಜಯಂತಿಯ ಕಾರ್ಯಕ್ರಮಗಳೂ ಮುಗಿದಿರುತ್ತವೆ.

ಮಂಜು, ಮಳೆ, ಗಾಳಿಯಿಂದ ಲಿಫ್ಟ್ ನಿಲ್ಲುವ ದಿನಗಳು ಇಲ್ಲಿ ಅಪರೂಪವಲ್ಲ. ಎರಡು ದಿನ ಸ್ಕೀ ಮಾಡುವ ಆಸೆಯಿದ್ದರೆ ಮೂರು ದಿನ ಇಟ್ಟುಕೊಳ್ಳಬೇಕು.

ವಸಂತದ ಹಿಮದ ಗುಣ

ಚಿತ್ರಗಳಲ್ಲಿ ಕಾಣುವ ಹಿಟ್ಟಿನಂಥ ಹಿಮ ಮೇ ತಿಂಗಳಲ್ಲಿ ಇರುವುದಿಲ್ಲ. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಹಿಮ ದಪ್ಪ ಸಕ್ಕರೆಯ ಹರಳಿನಂತಾಗಿರುತ್ತದೆ. ಜಪಾನೀಯರು ಇದಕ್ಕೆ ‘ಜರಾಮೆ’ ಎನ್ನುತ್ತಾರೆ; ಹರಳು ಸಕ್ಕರೆಗೂ ಅದೇ ಹೆಸರು. ಬೆಳಗ್ಗೆ ಬೇಗ ಅದು ಕಲ್ಲಿನಂತೆ ಗಟ್ಟಿ. ಬಿಸಿಲೇರಿದ ಮೇಲೆ ಮೇಲ್ಪದರ ಸಡಿಲವಾಗಿ ಜಾರಲು ಬಹಳ ಹಿತ. ಮಧ್ಯಾಹ್ನದ ಮೇಲೆ ನೀರಿನ ಅಂಶ ಹೆಚ್ಚಿ ಸ್ಕೀ ಹಿಡಿದು ನಿಲ್ಲಿಸಿದಂತಾಗುತ್ತದೆ. ದೇಹ ಮುಂದೆ, ಕಾಲು ಹಿಂದೆ. ಮೊಣಕಾಲಿನ ಪೆಟ್ಟುಗಳು ಹೆಚ್ಚಾಗುವುದು ಹೀಗೆಯೇ. ಬೆಳಗಿನ ಮೂರ್ನಾಲ್ಕು ಗಂಟೆ ಆಡಿ ಇಳಿದುಬಿಡುವುದು ಲೇಸು. ಚೀನಾ, ಮಂಗೋಲಿಯಾ ಕಡೆಯಿಂದ ವಸಂತದಲ್ಲಿ ಹಳದಿ ಧೂಳು ಹಾರಿಬಂದು ಹಿಮದ ಮೇಲೆ ಕೂರುವುದೂ ಉಂಟು. ಆಗ ಸ್ಕೀ ಇನ್ನಷ್ಟು ಅಂಟುತ್ತದೆ, ತಳಕ್ಕೆ ಮೇಣ ಹಚ್ಚಿಸಿಕೊಳ್ಳಬೇಕು.

ಅಪಾಯಗಳನ್ನು ಮುಚ್ಚಿಡುವುದು ಸರಿಯಲ್ಲ. ಮಂಜು ಇಳಿದರೆ ಬಿಳಿಯ ಬಯಲಿನಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ಮರಗಳ ಬುಡದ ಸುತ್ತ ಹಿಮ ಮೊದಲು ಕರಗಿ ಆಳವಾದ ಗುಂಡಿಗಳಾಗಿರುತ್ತವೆ. ಕಡಿದಾದ ಜಾಗಗಳಲ್ಲಿ ಹಿಮದ ಇಡೀ ಪದರವೇ ನೆಲ ಬಿಟ್ಟು ಜಾರುತ್ತದೆ, ಮೇಲೆ ಬಿರುಕು ಕಂಡರೆ ಅದರ ಕೆಳಗೆ ನಿಲ್ಲಬಾರದು. ಕಣಿವೆಯಲ್ಲಿ ಹಿಮದಡಿ ತೊರೆ ಹರಿಯುತ್ತಿರುತ್ತದೆ. ಆದ್ದರಿಂದ ಲಿಫ್ಟಿನ ಆಸುಪಾಸಿನ, ಜನ ಆಡುವ ಇಳಿಜಾರು ಬಿಟ್ಟು ಹೊರಗೆ ಹೋಗುವ ಮಾತೇ ಬೇಡ. ಹೋಗಲೇಬೇಕಾದರೆ ಸ್ಥಳೀಯ ಮಾರ್ಗದರ್ಶಿಯ ಜೊತೆ ಮಾತ್ರ. ಪ್ರವಾಸದ ವಿಮೆ ಕೊಳ್ಳುವಾಗ ಸ್ಕೀಯಿಂಗ್ ಸೇರಿದೆಯೇ ಎಂದು ಪತ್ರದಲ್ಲಿ ಓದಿ ನೋಡಬೇಕು. ಸಾಮಾನ್ಯ ವಿಮೆಗಳಲ್ಲಿ ಬಹಳಷ್ಟು ಸಲ ಅದು ಸೇರಿರುವುದಿಲ್ಲ. ಏಜೆಂಟರ ಬಾಯಿಮಾತು ಸಾಲದು.

ಬಟ್ಟೆಯ ವಿಷಯ ಚಿಕ್ಕದು. ಹತ್ತಿ ಬಟ್ಟೆ ಒಳಗೆ ಹಾಕಬಾರದು, ಬೆವರಿಗೆ ಒದ್ದೆಯಾಗಿ ಮೈ ತಣ್ಣಗಾಗುತ್ತದೆ. ಮೇಲೆ ನೀರು ಒಳಬಿಡದ ಜಾಕೆಟ್, ಪ್ಯಾಂಟ್ ಬೇಕೇ ಬೇಕು, ಏಕೆಂದರೆ ಈ ಕಾಲದಲ್ಲಿ ಮಳೆಯೂ ಬರುತ್ತದೆ. ಅಂಗಡಿಯಲ್ಲಿ ತೋರಿಸುವ ಬೆಚ್ಚನೆಯ ಜಾಕೆಟ್‌ಗಳಲ್ಲಿ ಬಹಳಷ್ಟರ ಒಳಗೆ ಬಾತುಕೋಳಿಯ ಪುಕ್ಕ ತುಂಬಿರುತ್ತದೆ, ಕೈಗವಸಿನ ಅಂಗೈಗೆ ಮೇಕೆಯ ಚರ್ಮ ಇರುತ್ತದೆ. ಪಾಲಿಯೆಸ್ಟರ್ ತುಂಬಿದ ಜಾಕೆಟ್, ಚರ್ಮವಿಲ್ಲದ ಕೈಗವಸು ಎರಡೂ ಸಿಗುತ್ತವೆ, ಬೆಲೆಯೂ ಕಡಿಮೆ. ಒದ್ದೆಯಾದರೂ ಪಾಲಿಯೆಸ್ಟರ್ ಬೆಚ್ಚಗಿರುತ್ತದೆ, ಪುಕ್ಕ ಮುದ್ದೆಯಾಗುತ್ತದೆ. ಹಿಮದ ಮೇಲೆ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಕಪ್ಪು ಕನ್ನಡಕ, ಮುಖಕ್ಕೆ ಹಚ್ಚುವ ಲೇಪ ಮರೆಯಬಾರದು. ಬೂಟು, ಸ್ಕೀ ಬಾಡಿಗೆಗೆ ಕೇಳುವಾಗ ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಹೇಳಬೇಕು. ಮನೆಯಲ್ಲೇ ಗೋಡೆಗೆ ಹಿಮ್ಮಡಿ ಒತ್ತಿ ಅಳೆದು ಬರೆದುಕೊಂಡು ಹೋಗಿ.

ಊಟ

ನಮ್ಮ ಕುಟುಂಬಗಳಿಗೆ ನಿಜವಾದ ಬೆಟ್ಟ ಇದೇ. ಜಪಾನಿನಲ್ಲಿ ‘ತರಕಾರಿ ಊಟ’ ಎಂದು ಹೇಳಿದರೂ ಅದರ ಸಾರಿನಲ್ಲಿ ಮೀನಿರುತ್ತದೆ. ಒಣಗಿಸಿದ ಮೀನಿನ ತುರಿಯಿಂದ ಬಸಿದ ನೀರಿಗೆ ‘ದಾಶಿ’ ಎಂದು ಹೆಸರು. ಮಿಸೊ ಸಾರು, ನೂಡಲ್ಸ್, ಬೇಯಿಸಿದ ಸೊಪ್ಪು, ಬಜ್ಜಿಯಂಥ ತೆಂಪುರಾಕ್ಕೆ ಅದ್ದಿಕೊಳ್ಳುವ ರಸ, ಎಲ್ಲದರಲ್ಲೂ ಅದೇ. ಬಡಿಸುವವರು ಮೋಸ ಮಾಡುತ್ತಿಲ್ಲ. ತಟ್ಟೆಯಲ್ಲಿ ಮೀನಿನ ತುಂಡು ಕಾಣದಿದ್ದರೆ ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಅಲ್ಲಿನ ಕರಿ ಎಂಬ ಪದಾರ್ಥದ ಗಟ್ಟಿ ಮಸಾಲೆಯಲ್ಲಿ ಪ್ರಾಣಿಯ ಕೊಬ್ಬು ಮತ್ತು ಈರುಳ್ಳಿ ಇರುವುದು ಸಾಮಾನ್ಯ. ಹುಣಸೆಯಂತೆ ಹುಳಿಯಾದ ಉಪ್ಪಿನಹಣ್ಣು ತುಂಬಿದ ಅನ್ನದ ಉಂಡೆಯಲ್ಲೂ ಕೆಲವೊಮ್ಮೆ ಮೀನಿನ ತುರಿ ಬೆರೆಸಿರುತ್ತಾರೆ.

ಸಂತೋಷದ ಸಂಗತಿ ಏನೆಂದರೆ, ಗಸ್ಸಾನ್ ಬರೀ ಆಟದ ಬೆಟ್ಟವಲ್ಲ. ಹಗುರೊ, ಗಸ್ಸಾನ್, ಯುದೊನೊ ಈ ಮೂರೂ ಸೇರಿ ‘ದೇವಾ ಸಾನ್‌ಜಾನ್’ ಎಂಬ ಹಳೆಯ ತೀರ್ಥಕ್ಷೇತ್ರ. ಬೆಟ್ಟದಲ್ಲಿ ವ್ರತ ಹಿಡಿದು ತಪಸ್ಸು ಮಾಡುವ ಪರಂಪರೆ ಅಲ್ಲಿ ಇಂದಿಗೂ ಇದೆ. ಕವಿ ಬಾಶೊ 1689ರಲ್ಲಿ ಇಲ್ಲಿಗೆ ಬಂದು ಗಸ್ಸಾನ್ ಹತ್ತಿದ್ದ. ಹಗುರೊ ಬೆಟ್ಟಕ್ಕೆ ದೇವದಾರಿನಂಥ ಮರಗಳ ನಡುವೆ 2,446 ಕಲ್ಲು ಮೆಟ್ಟಿಲುಗಳು, ದಾರಿಯಲ್ಲಿ ಐದು ಅಂತಸ್ತಿನ ಮರದ ಗೋಪುರ. ಯಾತ್ರಿಕರಿಗಾಗಿ ಹಗುರೊದ ಬುಡದ ಊರಿನಲ್ಲಿ ಛತ್ರದಂಥ ಮನೆಗಳಿವೆ. ಅಲ್ಲಿ ಬಡಿಸುವುದು ‘ಶೋಜಿನ್’ ಊಟ, ಅಂದರೆ ವ್ರತದ ಊಟ. ಕಟ್ಟುನಿಟ್ಟಿನ ಪದ್ಧತಿಯಲ್ಲಿ ಮಾಂಸ, ಮೀನು, ಮೊಟ್ಟೆಯಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ವರ್ಜ್ಯ. ಇಷ್ಟು ದೂರದ ದೇಶದ ಅಡುಗೆಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಬೇಡವೆಂದರೆ ‘ಏಕೆ?’ ಎಂದು ಯಾರೂ ಕೇಳದಿರುವುದು ದೊಡ್ಡ ನೆಮ್ಮದಿ.

ಆದರೆ ಇದನ್ನು ನಮ್ಮ ಊಟವೆಂದು ಕಣ್ಣುಮುಚ್ಚಿ ಕುಳಿತುಕೊಳ್ಳುವಂತಿಲ್ಲ. ಶೋಜಿನ್ ಊಟದಲ್ಲಿ ಅಣಬೆ ಧಾರಾಳ. ಬೇರು, ಗೆಡ್ಡೆಗಳಿಗೂ ಅಡ್ಡಿಯಿಲ್ಲ. ಎಳ್ಳಿನ ತೋಫು ಎಂಬ ಹೆಸರಾದ ಪದಾರ್ಥವನ್ನು ಗಟ್ಟಿ ಮಾಡುವುದೂ ಸಾಮಾನ್ಯವಾಗಿ ಒಂದು ಬಳ್ಳಿಯ ಗೆಡ್ಡೆಯ ಪಿಷ್ಟದಿಂದ. ಕಂದಮೂಲ ಬಿಟ್ಟವರು ಇದನ್ನು ಮೊದಲೇ ಹೇಳಿಕೊಳ್ಳಬೇಕು. ಕಾಡಿನ ಸೊಪ್ಪು, ಎಳೆ ಚಿಗುರುಗಳು ಈ ಕಾಲದಲ್ಲಿ ಹೇರಳ. ಯಾಮಗಾತಾದ ತ್ಸುಯಾಹಿಮೆ ಎಂಬ ಅಕ್ಕಿಯ ಅನ್ನಕ್ಕೆ ಉಪ್ಪು, ಎಳ್ಳು ಹಾಕಿಕೊಂಡರೇ ರುಚಿ.

ವಸತಿಗೃಹಕ್ಕೆ ಬರೆಯುವಾಗ ಬೇಡದ್ದರ ಪಟ್ಟಿ ಮಾತ್ರ ಕೊಟ್ಟರೆ ಅಡುಗೆಯವರು ಗಾಬರಿಯಾಗುತ್ತಾರೆ. ತಿನ್ನುವುದೇನು ಎಂಬುದನ್ನು ಮೊದಲು ಬರೆಯಬೇಕು: ಬಿಳಿ ಅನ್ನ, ತೋಫು, ಸೊಪ್ಪು, ಸೌತೆ, ಕುಂಬಳ, ಎಳ್ಳು, ಉಪ್ಪು, ಸೋಯಾ ರಸ, ಹಣ್ಣು. ಆಮೇಲೆ ಬೇಡದ್ದು, ಅವರ ಮಾತಿನಲ್ಲೇ: ನಿಕು (ಮಾಂಸ), ಸಕಾನಾ (ಮೀನು), ದಾಶಿ, ತಮಾಗೊ (ಮೊಟ್ಟೆ), ತಮಾನೆಗಿ (ಈರುಳ್ಳಿ), ನಿನ್ನಿಕು (ಬೆಳ್ಳುಳ್ಳಿ), ಕಿನೊಕೊ (ಅಣಬೆ), ಕೊನ್‌ಸಾಯ್ (ಗೆಡ್ಡೆ ತರಕಾರಿ), ಹಚಿಮಿತ್ಸು (ಜೇನು). ಇದನ್ನು ಜಪಾನಿ ಲಿಪಿಯಲ್ಲಿ ಬರೆಸಿ, ಕೋಣೆ ಕಾಯ್ದಿರಿಸುವ ದಿನವೇ ಕಳುಹಿಸಬೇಕು. ಆಗದು ಎಂದರೆ ಬೇಸರಪಡಬೇಡಿ. ಆಗುತ್ತದೆ ಎಂದು ಹೇಳಿ ಕೊನೆಗೆ ತಪ್ಪು ಬಡಿಸುವುದಕ್ಕಿಂತ ಅದು ಉತ್ತಮ. ಅಲ್ಲಿ ಊಟವಿಲ್ಲದೆ ಕೋಣೆ ಮಾತ್ರ ಪಡೆಯುವ ಪದ್ಧತಿಗೆ ‘ಸುದೊಮಾರಿ’ ಎನ್ನುತ್ತಾರೆ, ಅದನ್ನು ಕೇಳಿ ಪಡೆಯಬಹುದು.

ಹೊತ್ತಿನ ವಿಷಯವೂ ಮೊದಲೇ ಹೇಳಬೇಕಾದದ್ದು. ಯಾಮಗಾತಾದಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯಾಸ್ತ ಸುಮಾರು 6.25ಕ್ಕೆ, ಮೇ ಮಧ್ಯದಲ್ಲಿ 6.40ರ ಮೇಲೆ. ವಸತಿಗೃಹಗಳು ರಾತ್ರಿಯ ಊಟ ಬಡಿಸುವುದು 6 ಅಥವಾ 6.30ಕ್ಕೆ, ಊಟವೂ ಒಂದೊಂದೇ ತಟ್ಟೆಯಾಗಿ ಬರುತ್ತದೆ. ರಾತ್ರಿಭೋಜನ ತ್ಯಾಗದ ನಿಯಮ ಇರುವವರು 5 ಗಂಟೆಗೇ ಬಡಿಸಲು ವಿನಂತಿಸಿಕೊಳ್ಳಬೇಕು. ಸೂರ್ಯೋದಯ 5 ಗಂಟೆಗೂ ಮುಂಚೆ ಆಗುವುದರಿಂದ ಬೆಳಗಿನ ತಿಂಡಿಗೆ ತೊಂದರೆಯಿಲ್ಲ. ನೀರು ಕಾಯಿಸಲು ಕೆಟಲ್ ಸಾಮಾನ್ಯವಾಗಿ ಕೋಣೆಯಲ್ಲೇ ಇರುತ್ತದೆ.

ಮನೆಯಿಂದ ಒಯ್ಯುವುದರಲ್ಲಿ ಎರಡು ತಪ್ಪುಗಳಾಗುತ್ತವೆ. ಒಂದು, ಇಲ್ಲಿನ ವಿದ್ಯುತ್ ಕುಕ್ಕರ್ ಒಯ್ಯುವುದು. ಜಪಾನಿನ ವಿದ್ಯುತ್ 100 ವೋಲ್ಟ್, ನಮ್ಮದು 230. ಇಲ್ಲಿನ ಕುಕ್ಕರ್ ಅಲ್ಲಿ ಐದರಲ್ಲಿ ಒಂದು ಪಾಲು ಶಾಖವನ್ನೂ ಕೊಡುವುದಿಲ್ಲ, ಸಾಲದ್ದಕ್ಕೆ ಕೋಣೆಯಲ್ಲಿ ಅಡುಗೆ ಮಾಡಲು ಅನುಮತಿಯೂ ಇರುವುದಿಲ್ಲ. ಇನ್ನೊಂದು, ಕರಿಬೇವು, ಹಸಿಮೆಣಸು, ಹಣ್ಣು, ಅಕ್ಕಿ, ಬೇಳೆ ಕಟ್ಟಿಕೊಳ್ಳುವುದು. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಕಡಕ್ ರೊಟ್ಟಿ, ಖಾಕ್ರಾ, ಹುರಿದ ಅವಲಕ್ಕಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟಿನ ಪುಡಿ, ಇವು ಸಾಕು. ಬೆಟ್ಟದ ಮೇಲಿನ ಮಧ್ಯಾಹ್ನದ ಊಟಕ್ಕೂ ಇವೇ ಆಸರೆ. ಔಷಧಿಗಳಲ್ಲೂ ಎಚ್ಚರ: ಸೂಡೊಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಗಳಿಗೆ ಅಲ್ಲಿ ನಿಷೇಧವಿದೆ.

ದಾರಿ ಮತ್ತು ದುಡ್ಡು

ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಯಾವುದೇ ವಿಮಾನವಾದರೂ ಟಿಕೆಟ್ ಜೊತೆಯಲ್ಲೇ ಜೈನ ಊಟ ಕೇಳಬೇಕು, ಅದರ ಸಂಕೇತ ‘ವಿಜೆಎಂಎಲ್’. ಟೋಕಿಯೊದಿಂದ ಯಾಮಗಾತಾಕ್ಕೆ ಶಿಂಕಾನ್‌ಸೆನ್ ರೈಲಿನಲ್ಲಿ ಎರಡೂವರೆಯಿಂದ ಮೂರು ಗಂಟೆ, ಒಂದು ಕಡೆಗೆ ಸುಮಾರು 11,000 ಯೆನ್. ಒಂದು ಯೆನ್‌ಗೆ 60 ಪೈಸೆ ಹಿಡಿದರೆ 6,600 ರೂಪಾಯಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ. ಇಡೀ ದೇಶದ ರೈಲ್ ಪಾಸ್ ಕೊಳ್ಳಿರೆಂದು ಹಲವರು ಸಲಹೆ ಕೊಡುತ್ತಾರೆ. ಅದು ಹಳೆಯ ಸಲಹೆ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಹೋಗಿಬರಲು 22,000 ಆಗುವ ಪ್ರಯಾಣಕ್ಕೆ 50,000 ಕೊಡುವುದು ಯಾವ ವ್ಯಾಪಾರ?

ಯಾಮಗಾತಾದಿಂದ ಹೆದ್ದಾರಿ ಬಸ್ಸಿನಲ್ಲಿ ನಿಶಿಕಾವಾವರೆಗೆ, ಅಲ್ಲಿಂದ ಊರಿನ ಬಸ್ಸಿನಲ್ಲಿ ಶಿಜು ದಾಟಿ ಉಬಾಸಾವಾಕ್ಕೆ. ಲಿಫ್ಟ್ ಇರುವುದು ಅಲ್ಲಿ. ದಿನಕ್ಕೆ ಕೆಲವೇ ಬಸ್ಸುಗಳು, ಒಂದು ತಪ್ಪಿದರೆ ಟ್ಯಾಕ್ಸಿಗೆ ದುಬಾರಿ. ಚಿಕ್ಕ ಊರುಗಳಲ್ಲಿ ಕಾರ್ಡ್ ನಡೆಯದಿರಬಹುದು, ನಗದು ಇಟ್ಟುಕೊಂಡಿರಬೇಕು. ಭಾರದ ಪೆಟ್ಟಿಗೆಗಳನ್ನು ‘ತಕ್ಯುಬಿನ್’ ಎಂಬ ಸಾಗಣೆಯವರಿಗೆ ವಿಮಾನನಿಲ್ದಾಣದಲ್ಲೇ ಕೊಟ್ಟರೆ ಒಂದೆರಡು ದಿನದಲ್ಲಿ ವಸತಿಗೃಹಕ್ಕೆ ಮುಟ್ಟಿಸುತ್ತಾರೆ. ಹಿರಿಯರನ್ನು, ಮಕ್ಕಳನ್ನು ಕರೆದುಕೊಂಡು ಮೂರು ಕಡೆ ಇಳಿದು ಹತ್ತುವಾಗ ಇದಕ್ಕೆ ಕೊಟ್ಟ ಹಣ ದಂಡವಲ್ಲ. ಬಿಸಿನೀರಿನ ಸ್ನಾನ ಅಲ್ಲಿ ಸಾಮೂಹಿಕ, ಬಟ್ಟೆ ಇಲ್ಲದೆ. ಸಂಕೋಚ ಇರುವವರು ಕುಟುಂಬಕ್ಕೆ ಪ್ರತ್ಯೇಕ ಕೊಳ ಸಿಗುತ್ತದೆಯೇ ಎಂದು ಕೋಣೆ ಹಿಡಿಯುವಾಗಲೇ ಕೇಳಬಹುದು. ‘ಕಶಿಕಿರಿ’ ಎಂದರೆ ಅವರಿಗೆ ತಿಳಿಯುತ್ತದೆ.

ದಿನಗಳ ಜೋಡಣೆ ಹೀಗಿದ್ದರೆ ಅನುಕೂಲ: ಇಳಿದ ದಿನ ಟೋಕಿಯೊದಲ್ಲಿ ವಿಶ್ರಾಂತಿ, ಮರುದಿನ ಶಿಜು, ಮೂರು ದಿನ ಬೆಟ್ಟಕ್ಕೆ. ಆಮೇಲೆ ಅದೇ ಹೆದ್ದಾರಿಯ ಬಸ್ಸಿನಲ್ಲಿ ಬೆಟ್ಟದ ಆಚೆಯ ತ್ಸುರುಒಕಾ ನಗರಕ್ಕಿಳಿದು, ಹಗುರೊದ ಯಾತ್ರಿಕರ ಮನೆಯಲ್ಲಿ ಒಂದು ರಾತ್ರಿ. ಮೆಟ್ಟಿಲು ಹತ್ತಲಾಗದವರಿಗೆ ಹಗುರೊದ ತುದಿಯವರೆಗೂ ರಸ್ತೆಯಿದೆ. ವಾಪಸಾಗಲು ಹತ್ತಿರದ ಶೊನಾಯ್ ನಿಲ್ದಾಣದಿಂದ ಟೋಕಿಯೊಗೆ ವಿಮಾನವಿದೆ. ಆದರೆ ಅದು ಇಳಿಯುವುದು ಹನೇಡಾದಲ್ಲಿ, ಬೆಂಗಳೂರಿನ ವಿಮಾನ ಹೊರಡುವುದು ನರಿತಾದಿಂದ. ಎರಡೂ ನಗರದ ಬೇರೆ ಬೇರೆ ದಿಕ್ಕಿನಲ್ಲಿವೆ. ಅದೇ ದಿನ ಎರಡನ್ನೂ ಹಿಡಿಯುವ ಸಾಹಸ ಮಾಡದೆ, ನಡುವೆ ಒಂದು ರಾತ್ರಿ ಇಟ್ಟುಕೊಳ್ಳಿ.